ಸೋರುವ ಮುಚ್ಚಳ, ಮುಗ್ಗಲು ವಾಸನೆ: ಒಂದು ಯಿಶಿಂಗ್ ಗಿಂಡಿಯ ರಿಪೇರಿ

ಮೇಜಿನ ಮೇಲಿರುವುದು ಚೀನಾದ ಯಿಶಿಂಗ್ ಊರಿನ ಹಳೆಯ ಮಣ್ಣಿನ ಟೀಪಾಟ್. ಕಂಠದವರೆಗೆ ತುಂಬಿದರೆ 130 ಮಿ.ಲೀ. ಹಿಡಿಯುತ್ತದೆ. ಮುಚ್ಚಳ ಸೇರಿ ತೂಕ 165 ಗ್ರಾಂ. ಇದನ್ನು ಗಿಂಡಿ ಎಂದೇ ಕರೆಯೋಣ. ಮೂತಿಯೂ ಗಾತ್ರವೂ ನಮ್ಮ ಗಿಂಡಿಯದ್ದೇ, ಹಿಡಿಯೊಂದು ಹೆಚ್ಚಿಗೆ ಅಷ್ಟೆ. ದೂರು ನಾಲ್ಕು. ಒಳಗೆ ಮುಗ್ಗಲು ವಾಸನೆ. ತಳದಲ್ಲಿ ಸುಣ್ಣದ ಪೊರೆ, ಅದರ ಮೇಲೆ ಚಹಾದ ಕಪ್ಪು ಕರೆ. ಬಗ್ಗಿಸಿದರೆ ಮುಚ್ಚಳದ ಅಂಚಿನಿಂದ ಸೋರಿಕೆ. ತುಂಬಿದ ನೀರು ಪೂರ್ತಿ ಖಾಲಿಯಾಗಲು 26 ಸೆಕೆಂಡ್.

ನಾಲ್ಕನೆಯ ದೂರು ನೋಡಲು ಚಿಕ್ಕದು, ಆದರೆ ಬಟ್ಟಲಿಗೆ ಬೀಳುವ ಚಹಾದ ರುಚಿಯನ್ನು ಅದೇ ಹೆಚ್ಚು ಕೆಡಿಸುತ್ತದೆ. ಲೆಕ್ಕ ಕೊನೆಯಲ್ಲಿದೆ.

ಪಕ್ಕದಲ್ಲಿ ಅಳತೆಗೋಲಾಗಿ ಇಟ್ಟಿರುವುದು ಬಿಳಿ ಪಿಂಗಾಣಿಯ ಗೈವಾನ್: ಸಾಸರ್, ಬಟ್ಟಲು, ಮುಚ್ಚಳ ಹೀಗೆ ಮೂರು ತುಂಡು. ಬಟ್ಟಲು 110 ಮಿ.ಲೀ. ಹಿಡಿಯುತ್ತದೆ, ಬಟ್ಟಲೊಂದರ ತೂಕ 70 ಗ್ರಾಂ. ಪಿಂಗಾಣಿ ಏನನ್ನೂ ಹೀರುವುದಿಲ್ಲ, ಏನನ್ನೂ ಬಿಡುವುದಿಲ್ಲ. ಚಹಾ ಪರೀಕ್ಷಕರು ಬಿಳಿ ಪಿಂಗಾಣಿ ಹಿಡಿಯುವುದು ಅದಕ್ಕೇ. ಚಹಾ ಪರೀಕ್ಷೆಯ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 3103ರಲ್ಲಿ 100 ಮಿ.ಲೀ. ನೀರಿಗೆ 2 ಗ್ರಾಂ ಎಲೆ, 6 ನಿಮಿಷ, ಪಾತ್ರೆ ಬಿಳಿ ಪಿಂಗಾಣಿ ಅಥವಾ ಮೆರುಗು ಹಚ್ಚಿದ ಮಣ್ಣು. ಚೀನಾದಲ್ಲಿ ಊಲಾಂಗ್, ಅಂದರೆ ಹಸಿರು ಚಹಾಕ್ಕೂ ಕಪ್ಪು ಚಹಾಕ್ಕೂ ನಡುವಿನ ಬಗೆ, ಪರೀಕ್ಷಿಸುವಾಗ 110 ಮಿ.ಲೀ. ಗೈವಾನ್‌ಗೆ 5 ಗ್ರಾಂ ಎಲೆ. ಗಿಂಡಿಯಲ್ಲಿ ಚಹಾ ಚೆನ್ನಾಗಿಲ್ಲ ಅನಿಸಿದರೆ ಅದೇ ಎಲೆಯನ್ನು ಮೊದಲು ಗೈವಾನ್‌ನಲ್ಲಿ ಮಾಡಿ ನೋಡಬೇಕು. ಅಲ್ಲೂ ಚೆನ್ನಾಗಿಲ್ಲದಿದ್ದರೆ ತಪ್ಪು ಎಲೆಯದ್ದು ಅಥವಾ ನೀರಿನದ್ದು. ಗಿಂಡಿಯನ್ನು ಉಜ್ಜಿ ಪ್ರಯೋಜನವಿಲ್ಲ.

ಮುಟ್ಟುವ ಮೊದಲು

ಯಿಶಿಂಗ್ ಇರುವುದು ಜಿಯಾಂಗ್ಸು ಪ್ರಾಂತ್ಯದಲ್ಲಿ. ಕೆಲಸದ ಕೇಂದ್ರ ದಿಂಗ್‌ಶು ಪಟ್ಟಣ, ಮಣ್ಣಿಗೆ ಹೆಸರಾದದ್ದು ಹುವಾಂಗ್‌ಲಾಂಗ್ ಬೆಟ್ಟ. ಮಣ್ಣು ಅಂದರೂ ಅಗೆದಾಗ ಅದು ಕಲ್ಲಿನಂತೆಯೇ ಇರುತ್ತದೆ. ಗಾಳಿ ಮಳೆಗೆ ಬಿಟ್ಟು ಪುಡಿಯಾಗಿಸಿ, ಜರಡಿ ಹಿಡಿದು, ನೀರು ಬೆರೆಸಿ, ಹದಕ್ಕೆ ಬರುವವರೆಗೆ ಇಟ್ಟು ಆಮೇಲೆ ಬಳಸುತ್ತಾರೆ. ನಮ್ಮ ಕುಂಬಾರರ ಹಾಗೆ ತಿಗರಿಯ ಮೇಲೆ ಎತ್ತುವ ರೂಢಿ ಇಲ್ಲಿಲ್ಲ. ಮಣ್ಣನ್ನು ಹಾಳೆಯಂತೆ ತಟ್ಟಿ, ಸುತ್ತಿ ಕೊಳವೆ ಮಾಡಿ, ಮರದ ಹಲಗೆಯಿಂದ ಬಡಿದು ಹೊಟ್ಟೆ ಬರಿಸುತ್ತಾರೆ. ಮೆರುಗು ಹಚ್ಚುವುದಿಲ್ಲ. 1100ರಿಂದ 1200 ಡಿಗ್ರಿಯಲ್ಲಿ ಸುಡುತ್ತಾರೆ.

ಇದನ್ನು ಹೇಳಲು ಕಾರಣವಿದೆ. ಟಾರ್ಚ್ ಬಿಟ್ಟು ಒಳಗೆ ನೋಡಿದಾಗ ಹಿಡಿಯ ಹಿಂದಿನ ಗೋಡೆಯಲ್ಲಿ ಮೇಲಿಂದ ಕೆಳಕ್ಕೊಂದು ಸಣ್ಣ ಗೆರೆ ಕಾಣುತ್ತದೆ. ಬಿರುಕು ಎಂದು ಗಾಬರಿ ಬೇಡ. ಹಾಳೆಯ ಎರಡು ಅಂಚು ಸೇರಿದ ಜಾಗ ಅದು. ನಿಜವಾದ ಬಿರುಕನ್ನು ಪತ್ತೆ ಮಾಡಲು ಹೊರಮೈಯನ್ನು ಚೆನ್ನಾಗಿ ಒಣಗಿಸಿ, ಒಳಗೆ ಬಿಸಿನೀರು ತುಂಬಿ, ಐದು ನಿಮಿಷ ಬಿಟ್ಟು ನೋಡಿ. ಬಿರುಕಿದ್ದರೆ ಹೊರಗಡೆ ಕೂದಲೆಳೆಯಷ್ಟು ಕಪ್ಪು ತೇವದ ಗೆರೆ ಮೂಡುತ್ತದೆ. ಒಣಮೈ ಮೇಲೆ ಅದು ಎದ್ದು ಕಾಣುತ್ತದೆ. ಇನ್ನೊಂದು ಪರೀಕ್ಷೆ ಸದ್ದಿನದು. ಖಾಲಿ ಗಿಂಡಿಯನ್ನು ಚಾಚಿದ ಅಂಗೈ ಮೇಲೆ ಕೂರಿಸಿ, ಹಿಡಿಯನ್ನು ಮುಚ್ಚಳದ ಅಂಚಿನಿಂದ ಮೆಲ್ಲಗೆ ತಟ್ಟಬೇಕು. ಮಡಕೆ ಕೊಳ್ಳುವಾಗ ಬೆರಳಿನ ಗೆಣ್ಣಿನಿಂದ ಬಡಿದು ನೋಡುವ ಹಾಗೆಯೇ. ಒಡಕಿದ್ದರೆ ಸದ್ದು ಸತ್ತಂತಿರುತ್ತದೆ. ಈ ಗಿಂಡಿಯಲ್ಲಿ ಗೆರೆ ಮೂಡಲಿಲ್ಲ, ಸದ್ದೂ ಸರಿ ಇದೆ.

ವಾಸನೆಗೆ ಕುದಿನೀರು ತುಂಬಿ, ಒಂದು ನಿಮಿಷ ಬಿಟ್ಟು, ಚೆಲ್ಲಿ, ತಕ್ಷಣ ಬಾಯಿಗೆ ಮೂಗು ಹಿಡಿಯಬೇಕು. ಮುಗ್ಗಲು, ಹಳೆ ಎಲೆ, ಸಾಬೂನು ಇವು ಮೂರೂ ಹೋಗುವ ವಾಸನೆಗಳು. ಪೇಂಟ್, ಥಿನ್ನರ್, ಸುಟ್ಟ ಪ್ಲಾಸ್ಟಿಕ್ಕಿನಂಥ ವಾಸನೆ ಮೂರು ಸಲ ಕುದಿಸಿದರೂ ಉಳಿದರೆ ಕೆಲಸ ಅಲ್ಲಿಗೇ ನಿಲ್ಲಿಸಿ. ಅದರಲ್ಲಿ ಕುಡಿಯಬಾರದು, ಅಲಂಕಾರಕ್ಕೆ ಇಡಬಹುದು. ಹೊಸ ಗಿಂಡಿಯನ್ನು ಹಳೆಯದೆಂದು ಮಾರಲು ಮೇಣ, ಶೂ ಪಾಲಿಶ್ ತಿಕ್ಕುವುದೂ ಉಂಟು. ಬಿಸಿನೀರಿನಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ ಹೊರಮೈ ಒರೆಸಿದರೆ ಬಟ್ಟೆಗೆ ಬಣ್ಣ ಅಥವಾ ಜಿಡ್ಡು ಹತ್ತುತ್ತದೆಯೇ ನೋಡಿ.

ತೊಳೆಯುವ ಕೆಲಸ

ಕ್ರಮ ಮುಖ್ಯ. ಮೊದಲು ಸುಣ್ಣ, ಆಮೇಲೆ ಚಹಾದ ಕರೆ. ಸುಣ್ಣದ ಪೊರೆಯ ಅಡಿಯಲ್ಲೂ ಕರೆ ಕೂತಿರುತ್ತದೆ. ಪೊರೆ ತೆಗೆಯದೆ ಕರೆಗೆ ಮದ್ದು ಹಾಕಿದರೆ ಅದು ಒಳಗೆ ಇಳಿಯುವುದೇ ಇಲ್ಲ.

ಸುಣ್ಣಕ್ಕೆ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್. ಒಂದು ಲೀಟರ್ ನೀರಿಗೆ 15 ಗ್ರಾಂ, ನೀರು ಕೈಗೆ ಸುಡುವಷ್ಟು ಬಿಸಿ, ಸುಮಾರು 60 ಡಿಗ್ರಿ. ಗಿಂಡಿ ಮುಳುಗಿಸಿದ ಕೂಡಲೇ ತಳದಿಂದ ಸಣ್ಣ ಗುಳ್ಳೆಗಳು ಏಳುತ್ತವೆ. ಸುಣ್ಣ ಕರಗುವಾಗ ಹೊರಬರುವ ಇಂಗಾಲದ ಡೈಆಕ್ಸೈಡ್ ಅದು. ಗುಳ್ಳೆ ನಿಂತರೆ ಆಮ್ಲದ ಕಸುವು ಮುಗಿಯಿತು ಅಥವಾ ಸುಣ್ಣ ಮುಗಿಯಿತು ಎಂದು ಅರ್ಥ. ಬೆರಳಿನಿಂದ ತಳ ಸವರಿ ನೋಡಿ, ಇನ್ನೂ ಒರಟಿದ್ದರೆ ಹೊಸ ದ್ರಾವಣ ಮಾಡಿ. ಇಲ್ಲಿ ಅರ್ಧರ್ಧ ಗಂಟೆಯ ಎರಡು ಸುತ್ತು ಬೇಕಾಯಿತು. ವಿನಿಗರ್ ಕೂಡ ಸುಣ್ಣ ಕರಗಿಸುತ್ತದೆ, ಆದರೆ ಅದರ ವಾಸನೆ ಮಣ್ಣಿನ ರಂಧ್ರಗಳಲ್ಲಿ ವಾರಗಟ್ಟಲೆ ಕೂರುತ್ತದೆ. ಬೇಡ.

ಚೆನ್ನಾಗಿ ತೊಳೆದು, ಬರೀ ನೀರಲ್ಲಿ ಹತ್ತು ನಿಮಿಷ ಕುದಿಸಿದ ಮೇಲೆ ಕರೆಯ ಸರದಿ. ಸೋಡಿಯಂ ಪರ್‌ಕಾರ್ಬೊನೇಟ್, ಬಟ್ಟೆಯ ಕಲೆ ತೆಗೆಯಲು ಆಕ್ಸಿಜನ್ ಬ್ಲೀಚ್ ಹೆಸರಲ್ಲಿ ಸಿಗುವ ಪುಡಿ, ಲೀಟರಿಗೆ 15 ಗ್ರಾಂ. ಪರಿಮಳ, ನೊರೆ ಏನೂ ಸೇರಿಸದ ಶುದ್ಧ ಪುಡಿಯೇ ಬೇಕು. 60 ಡಿಗ್ರಿ ನೀರಲ್ಲಿ ಅದು ವಾಷಿಂಗ್ ಸೋಡಾ ಮತ್ತು ಹೈಡ್ರೊಜನ್ ಪೆರಾಕ್ಸೈಡ್ ಆಗಿ ಒಡೆಯುತ್ತದೆ. ಪೆರಾಕ್ಸೈಡ್ ಕರೆಯನ್ನೂ ಬೂಷ್ಟನ್ನೂ ತಿನ್ನುತ್ತದೆ. ರಾತ್ರಿಯಿಡೀ ಬಿಟ್ಟರೆ ಬೆಳಗ್ಗೆ ನೀರು ಗಟ್ಟಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿರುತ್ತದೆ. ಪಾತ್ರೆಯನ್ನು ಮುಚ್ಚಿಡಬೇಡಿ, ಗಾಳಿ ಉತ್ಪತ್ತಿಯಾಗುತ್ತಲೇ ಇರುತ್ತದೆ. ಅಲ್ಯೂಮಿನಿಯಂ ಪಾತ್ರೆಯೂ ಬೇಡ, ಸೋಡಾ ಅದನ್ನು ಕೊರೆಯುತ್ತದೆ. ಸ್ಟೀಲ್ ಅಥವಾ ಗಾಜು ಸರಿ.

ಕ್ಲೋರಿನ್ ಬ್ಲೀಚ್ ಮಾತ್ರ ಖಂಡಿತ ಬೇಡ. ರಂಧ್ರದೊಳಗೆ ಹೊಕ್ಕರೆ ಸುಲಭಕ್ಕೆ ಹೊರಬರುವುದಿಲ್ಲ. ನಿಂಬೆ ಉಪ್ಪಿನ ಜೊತೆ ಸೇರಿದರೆ ವಿಷಾನಿಲ ಏಳುತ್ತದೆ. ಪಾತ್ರೆ ತೊಳೆಯುವ ಸಾಬೂನೂ ಅಷ್ಟೆ. ಜೀವಕ್ಕೆ ಅಪಾಯವಿಲ್ಲ, ಆದರೆ ಮುಂದಿನ ಹತ್ತು ಚಹಾ ನಿಂಬೆ ಪರಿಮಳದ ಸಾಬೂನಿನದ್ದೇ.

ಕೊನೆಗೆ ಕುದಿತ. ದೊಡ್ಡ ಪಾತ್ರೆಯ ತಳಕ್ಕೆ ಹತ್ತಿಬಟ್ಟೆ ಹಾಸಿ, ಗಿಂಡಿ ಮತ್ತು ಮುಚ್ಚಳ ಬೇರೆ ಬೇರೆ ಇಟ್ಟು, ತಣ್ಣೀರಿನಿಂದಲೇ ಶುರು ಮಾಡಬೇಕು. ಬಟ್ಟೆ ಇಲ್ಲದಿದ್ದರೆ ಕುದಿಯುವಾಗ ಗಿಂಡಿ ಪಾತ್ರೆಗೆ ಬಡಿದು ಮೂತಿಯ ತುದಿ ಹಾರುತ್ತದೆ. 20 ನಿಮಿಷ ಕುದಿಸಿ, ಅದೇ ನೀರಲ್ಲಿ ಆರಲು ಬಿಡಿ, ನೀರು ಬದಲಿಸಿ ಇನ್ನೊಮ್ಮೆ. ಮೊದಲ ಕುದಿತದಲ್ಲಿ ನೀರಿನ ಮೇಲೆ ಎಣ್ಣೆಯಂಥ ಪೊರೆ ತೇಲಿದರೆ ಅದು ಹೊರಮೈಗೆ ತಿಕ್ಕಿದ ಮೇಣ. ಗಿಂಡಿ ಎತ್ತುವ ಮೊದಲೇ ಕಾಗದದಿಂದ ಆ ಪೊರೆ ಎಳೆದು ತೆಗೆಯಿರಿ, ಇಲ್ಲವಾದರೆ ಎತ್ತುವಾಗ ಮತ್ತೆ ಮೈಗೆ ಅಂಟುತ್ತದೆ.

ಸೋಡಾ ಪೂರ್ತಿ ಹೋಯಿತೇ ಎಂದು ನೋಡಲು ಅಂಗಡಿಗೆ ಹೋಗಬೇಕಿಲ್ಲ, ಅಡುಗೆಮನೆಯ ಅರಿಶಿನ ಸಾಕು. ಅರಿಶಿನ ಕ್ಷಾರದಲ್ಲಿ ಕೆಂಪಾಗುತ್ತದೆ, ಆರತಿಯ ಓಕುಳಿಗೆ ಸುಣ್ಣ ಹಾಕಿದಾಗ ಆಗುವುದು ಇದೇ. ಕೊನೆಯ ಕುದಿತಕ್ಕೆ ಆರ್‌ಒ ನೀರು ಬಳಸಿ. ಆ ನೀರನ್ನು ಎರಡು ಚಮಚ ಬಿಳಿ ಬಟ್ಟಲಿಗೆ ತೆಗೆದು ಚಿಟಿಕೆ ಅರಿಶಿನ ಕದಡಿ. ಪಕ್ಕದ ಬಟ್ಟಲಲ್ಲಿ ಗಿಂಡಿ ಮುಟ್ಟದ, ಅಷ್ಟೇ ಹೊತ್ತು ಕುದಿಸಿದ ಅದೇ ನೀರು, ಅಷ್ಟೇ ಅರಿಶಿನ. ಎರಡೂ ಒಂದೇ ಹಳದಿ ಇದ್ದರೆ ಕೆಲಸ ಮುಗಿಯಿತು. ಎರಡನೆಯ ಬಟ್ಟಲು ಯಾಕೆಂದರೆ ಬೋರ್‌ವೆಲ್ಲಿನ ಗಡಸು ನೀರನ್ನು ಕುದಿಸಿದರೆ ಅದೇ ಸ್ವಲ್ಪ ಕ್ಷಾರವಾಗುತ್ತದೆ, ಸೋಡಾ ಇಲ್ಲದೆಯೂ ಅರಿಶಿನದ ಬಣ್ಣ ತಿರುಗಬಹುದು. ಅರಿಶಿನವನ್ನು ಗಿಂಡಿಗೇ ಹಾಕುವ ಸಾಹಸ ಬೇಡ.

ತೊಳೆದು ಎರಡು ದಿನ ಬಿಸಿಲಲ್ಲಿ ಒಣಗಿಸಿದ ಮೇಲೆ ತೂಕ 163.8 ಗ್ರಾಂ. ಹೋದ 1.2 ಗ್ರಾಂ ಸುಣ್ಣ ಮತ್ತು ಕರೆ.

ನೀರು ಯಾಕೆ ನಿಧಾನ

ನಿಧಾನಕ್ಕೆ ಕಾರಣ ಎರಡೇ. ಒಳಗೆ ಗಾಳಿ ಹೋಗುತ್ತಿಲ್ಲ, ಇಲ್ಲವೇ ಮೂತಿ ಕಟ್ಟಿಕೊಂಡಿದೆ. ಯಾವುದೆಂದು ತಿಳಿಯಲು ಗಿಂಡಿಯನ್ನು ಮುಕ್ಕಾಲು ತುಂಬಿ ಒಮ್ಮೆ ಮುಚ್ಚಳ ಹಾಕಿ, ಒಮ್ಮೆ ತೆಗೆದು ಬಗ್ಗಿಸಿ. ಮುಚ್ಚಳ ತೆಗೆದಾಗ ನೀರು ಸಲೀಸಾಗಿ ಹರಿದರೆ ತಪ್ಪು ಮುಚ್ಚಳದ ತೂತಿನದು. ತೊಳೆಯುವ ಮೊದಲು ಮಾಡಿದ ಪರೀಕ್ಷೆಯಲ್ಲಿ ಮುಚ್ಚಳದೊಂದಿಗೆ 20 ಸೆಕೆಂಡ್, ಇಲ್ಲದೆ 18. ಅಂದರೆ ತಪ್ಪು ಮೂತಿಯದು.

ಹಳೆಯ ಮಾದರಿಯ ಗಿಂಡಿಗಳಲ್ಲಿ ಹೊಟ್ಟೆಗೂ ಮೂತಿಗೂ ನಡುವೆ ಒಂದೇ ತೂತು, ಜಾಲರಿ ಇಲ್ಲ. ಇದರಲ್ಲಿ ಆ ತೂತಿಗೆ ಎಲೆಯ ತೊಟ್ಟೊಂದು ಅಡ್ಡ ಸಿಕ್ಕಿ, ಅದರ ಸುತ್ತ ಸುಣ್ಣ ಕಟ್ಟಿತ್ತು. ಆಮ್ಲದಲ್ಲಿ ನೆನೆದ ಮೇಲೆ ಬಿದಿರಿನ ಕಡ್ಡಿಯಿಂದ ಒಳಗಿನಿಂದ ಹೊರಕ್ಕೆ ತಳ್ಳಿದಾಗ ಬಿತ್ತು. ತಂತಿ, ಸೂಜಿ ಬಳಸಿದರೆ ಮೂತಿಯ ಒಳಮೈ ಗೀರಾಗುತ್ತದೆ, ಮುಂದೆ ಪೊರೆ ಹಿಡಿಯುವುದು ಆ ಗೀರಿನಲ್ಲೇ. ಈಗ ತುಂಬಿದ ಗಿಂಡಿ ಖಾಲಿಯಾಗಲು 14 ಸೆಕೆಂಡ್. ಈ ಗಾತ್ರಕ್ಕೆ 15ರ ಒಳಗಿದ್ದರೆ ಸಾಕು.

ಒಂದೇ ತೂತಿನ ಗಿಂಡಿಗೆ ಎಲೆ ತುಂಬುವುದಕ್ಕೂ ಒಂದು ಲೆಕ್ಕವಿದೆ. ಗ್ವಾಂಗ್‌ಡಾಂಗ್ ಪ್ರಾಂತ್ಯದ ಚಾವೊಝೌ ಕಡೆಯವರು ಮಾಡುವಂತೆ ದೊಡ್ಡ ಎಲೆಗಳನ್ನು ತಳಕ್ಕೂ ಮೂತಿಯ ಕಡೆಗೂ, ನುಚ್ಚನ್ನು ನಡುವೆ, ಮೇಲೆ ಮತ್ತೆ ದೊಡ್ಡ ಎಲೆ. ದೊಡ್ಡ ಎಲೆಯೇ ಜಾಲರಿಯ ಕೆಲಸ ಮಾಡುತ್ತದೆ.

ಮುಚ್ಚಳ

ಮುಚ್ಚಳವನ್ನು ಕೂರಿಸಿ ಅಂಚನ್ನು ಎರಡು ಎದುರು ಬದಿಗಳಲ್ಲಿ ಸರದಿಯಂತೆ ಒತ್ತಿದರೆ ಟಕ್ ಟಕ್ ಎನ್ನುತ್ತದೆ. ಎಲ್ಲೋ ಎರಡು ಕಡೆ ಉಬ್ಬಿದೆ. ಎಲ್ಲಿ ಎಂದು ತಿಳಿಯಲು ಸೀಸದ ಕಡ್ಡಿಯಿಂದ, 4ಬಿ ಆದರೆ ಒಳ್ಳೆಯದು, ಮುಚ್ಚಳದ ಚಪ್ಪಟೆ ಅಂಚಿಗೆ ಸುತ್ತಲೂ ಬಳಿದು, ಒಣಗಿದ್ದಾಗಲೇ ಒಂದು ಇಂಚಿನಷ್ಟು ಅತ್ತಿತ್ತ ತಿರುಗಿಸಿ ಎತ್ತಬೇಕು. ಉಬ್ಬಿದ ಜಾಗದಲ್ಲಿ ಸೀಸ ಉಜ್ಜಿ ಹೋಗಿ ಹೊಳೆಯುತ್ತದೆ, ತಗ್ಗಿನಲ್ಲಿ ಹಾಗೇ ಮಂಕಾಗಿ ಉಳಿದಿರುತ್ತದೆ. ಇಲ್ಲಿ ಹೊಳೆದದ್ದು ಹಿಡಿಯ ಬದಿಯಲ್ಲೊಂದು, ಅದರ ನೇರ ಎದುರಿಗೆ ಇನ್ನೊಂದು.

ಉಜ್ಜಲು ಸಿಲಿಕಾನ್ ಕಾರ್ಬೈಡ್ ಪುಡಿ, ಮೊದಲು 600 ಗ್ರಿಟ್, ಆಮೇಲೆ 1000. ಅಂಕಿ ಹೆಚ್ಚಿದಷ್ಟೂ ಪುಡಿ ನಯ. ಚಿಟಿಕೆ ಪುಡಿಗೆ ನಾಲ್ಕು ಹನಿ ನೀರು ಹಾಕಿ ಅಂಚಿಗೆ ಸವರಿ, ಮುಚ್ಚಳ ಕೂರಿಸಿ, ಒತ್ತದೆ, ಅದರ ಭಾರಕ್ಕೇ ಬಿಟ್ಟು ಕಾಲು ಸುತ್ತು ಬಲಕ್ಕೆ, ಕಾಲು ಸುತ್ತು ಎಡಕ್ಕೆ. ಇಪ್ಪತ್ತು ಸಲ ಆದ ಮೇಲೆ ಎತ್ತಿ ತೊಳೆದು, ಮತ್ತೆ ಸೀಸ ಬಳಿದು ನೋಡಿ. ಶುರುವಿನಲ್ಲಿ ಕರಕರ ಸದ್ದು ಬರುತ್ತದೆ. ಪುಡಿ ಸವೆದಂತೆ ಅದು ರೇಷ್ಮೆ ಸವರಿದಂತಾಗುತ್ತದೆ. ಆಗ ಹೊಸ ಪುಡಿ ಹಾಕದೆ ನಿಲ್ಲಿಸಿ ಪರೀಕ್ಷಿಸಬೇಕು. ಈ ಮುಚ್ಚಳಕ್ಕೆ 600ರಲ್ಲಿ ಮೂರು ಸುತ್ತು, 1000ದಲ್ಲಿ ಎರಡು ಸುತ್ತು ಹಿಡಿಯಿತು.

ಬೈಕ್ ಗ್ಯಾರೇಜಿನ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಕೈಗೆ ಸಿಗುತ್ತದೆ, ಕೆಲಸವೂ ಬೇಗ ಆಗುತ್ತದೆ. ಆದರೆ ಅದರಲ್ಲಿ ಎಣ್ಣೆ ಇದೆ. ಮೆರುಗಿಲ್ಲದ ಮಣ್ಣು ಅದನ್ನು ಹೀರಿದರೆ ಇಷ್ಟು ಹೊತ್ತು ತೊಳೆದದ್ದೆಲ್ಲ ನೀರಲ್ಲಿ ಹೋಮ.

ಉಜ್ಜುವುದರಿಂದ ಆಗದ ಕೆಲಸವೂ ಇದೆ. ಮುಚ್ಚಳದ ಅಡಿಯ ಕಂಠ ಗಿಂಡಿಯ ಬಾಯಿಗಿಂತ ಸಣ್ಣದಾಗಿದ್ದು ಅಲ್ಲಾಡಿದರೆ ಅದಕ್ಕೆ ಮದ್ದಿಲ್ಲ. ಉಜ್ಜಿದಷ್ಟೂ ಸಂದು ದೊಡ್ಡದಾಗುತ್ತದೆ. ಅಂಚು ಅಂಚಿಗೆ ಕೂರುವ ಚಪ್ಪಟೆ ಭಾಗವನ್ನಷ್ಟೇ ಸರಿಮಾಡಬಹುದು.

ಕೊನೆಯ ಪರೀಕ್ಷೆ: ತುಂಬಿದ ಗಿಂಡಿ ಬಗ್ಗಿಸಿ, ಹರಿಯುತ್ತಿರುವಾಗಲೇ ಗುಬುಟಿನ ಮೇಲಿನ ತೂತಿಗೆ ಬೆರಳು ಒತ್ತಿ. ಮೊದಲು ಹರಿವು ನಿಲ್ಲುತ್ತಲೇ ಇರಲಿಲ್ಲ. ಈಗ ಒಂದೆರಡು ಹನಿ ಬಿದ್ದು ನಿಲ್ಲುತ್ತದೆ. ಇಲ್ಲೊಂದು ತಿರುವು ಇದೆ. ಈ ಮೊದಲು ಸಂದಿನಿಂದ ಕಳ್ಳದಾರಿಯಲ್ಲಿ ಗಾಳಿ ಒಳಗೆ ಹೋಗುತ್ತಿತ್ತು, ಈಗ ದಾರಿ ಆ ತೂತೊಂದೇ. ಮುಚ್ಚಳ ಸರಿಹೋದ ಗಿಂಡಿಯಲ್ಲಿ ತೂತು ಕಟ್ಟಿದರೆ ನೀರು ಗಳಗಳ ಎಂದು ತಡೆತಡೆದು ಬರುತ್ತದೆ. ತಿಂಗಳಿಗೊಮ್ಮೆ ಬಿದಿರಿನ ಸಣ್ಣ ಸೀಳಿನಿಂದ ಚೊಕ್ಕ ಮಾಡಿ.

ಕೊನೆಯ ಹನಿ ಮೂತಿಯ ಹೊರಗೆ, ಅದರ ಅಡಿಯಲ್ಲಿ ಇಳಿಯುವ ಚಾಳಿ ಇದಕ್ಕೂ ಇದೆ. ಅಂಚು ದುಂಡಗಿದ್ದರೆ ನೀರು ಅಲ್ಲಿಗೆ ಅಂಟಿಕೊಂಡು ತಿರುಗುತ್ತದೆ. ಅರ ಹಾಕಿ ಚೂಪು ಮಾಡಲು ಹೋದರೆ ತುದಿ ಹಾರುವ ಸಂಭವವೇ ಹೆಚ್ಚು. ಬಗ್ಗಿಸುವುದನ್ನು ಜೋರಾಗಿ ಶುರು ಮಾಡಿ, ಝಟ್ಟನೆ ಎತ್ತಿ ನಿಲ್ಲಿಸಿದರೆ ಮುಕ್ಕಾಲು ಪಾಲು ಸರಿಹೋಗುತ್ತದೆ. ಅಂಚಿನಡಿ ಬೆಣ್ಣೆ ಸವರುವ ಉಪಾಯ ಮಣ್ಣಿಗೆ ಬೇಡ.

ಶಾಖದ ಲೆಕ್ಕ

ಮಣ್ಣಿನ ಗಿಂಡಿ ಬಿಸಿ ಹಿಡಿದಿಡುತ್ತದೆ, ಪಿಂಗಾಣಿ ಬೇಗ ಆರುತ್ತದೆ ಎಂಬ ಮಾತು ಅರ್ಧ ನಿಜ. ಒಂದು ಗ್ರಾಂ ಸುಟ್ಟ ಮಣ್ಣನ್ನು ಬಿಸಿ ಮಾಡಲು ಒಂದು ಗ್ರಾಂ ನೀರಿಗೆ ಬೇಕಾದ ಶಾಖದ ಸುಮಾರು ಐದನೇ ಒಂದು ಪಾಲು ಸಾಕು. ಹಾಗಾಗಿ 164 ಗ್ರಾಂ ಗಿಂಡಿ ಶಾಖದ ಲೆಕ್ಕದಲ್ಲಿ 33 ಗ್ರಾಂ ನೀರಿಗೆ ಸಮ, 70 ಗ್ರಾಂ ಪಿಂಗಾಣಿ ಬಟ್ಟಲು 14 ಗ್ರಾಂ ನೀರಿಗೆ ಸಮ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು ಕುದಿಯುವುದೇ 97 ಡಿಗ್ರಿಯಲ್ಲಿ. 25 ಡಿಗ್ರಿಯ ತಣ್ಣನೆ ಗಿಂಡಿಗೆ 130 ಮಿ.ಲೀ. ಕುದಿನೀರು ಸುರಿದರೆ ಎರಡೂ ಸಮವಾಗುವ ಹೊತ್ತಿಗೆ 82 ಡಿಗ್ರಿ. ತಣ್ಣನೆ ಗೈವಾನ್‌ಗೆ 110 ಮಿ.ಲೀ. ಸುರಿದರೆ 89. ತಣ್ಣಗಿದ್ದಾಗ ಮಣ್ಣೇ ಹೆಚ್ಚು ಬಿಸಿ ಕದಿಯುತ್ತದೆ! ಒಮ್ಮೆ ಕುದಿನೀರು ತುಂಬಿ ಚೆಲ್ಲಿ, ಗಿಂಡಿ 80 ಡಿಗ್ರಿಗೆ, ಗೈವಾನ್ 85ಕ್ಕೆ ಬಂದ ಮೇಲೆ ಸುರಿದರೆ ಕ್ರಮವಾಗಿ 93.6 ಮತ್ತು 95.6. ಗಾಳಿಗೆ ಹೋಗುವ ಶಾಖ ಬಿಟ್ಟು ಮಾಡಿದ ಲೆಕ್ಕ ಇದು, ಆದರೂ ದಿಕ್ಕು ಸ್ಪಷ್ಟ. ಪಾತ್ರೆ ಕಾಯಿಸುವುದು ಬಿಟ್ಟರೆ ಮಣ್ಣಿನ ಗುಣದ ಚರ್ಚೆಗೆ ಅರ್ಥವಿಲ್ಲ.

ಬಿಸಿಯಾದ ಮೇಲೆ ಮಾತ್ರ ಗಿಂಡಿಯ ಕೈ ಮೇಲು. ಬಾಯಿ ಸಣ್ಣದು, ಮುಚ್ಚಳ ಬಿಗಿ. ನೀರು ಆರುವುದರಲ್ಲಿ ಆವಿಯದ್ದೇ ದೊಡ್ಡ ಪಾಲು. ಗೈವಾನ್‌ನ 110 ಗ್ರಾಂ ನೀರಿನಿಂದ ಬರೀ 1 ಗ್ರಾಂ ಆವಿಯಾಗಿ ಹೋದರೆ ಉಳಿದದ್ದು ಸುಮಾರು 5 ಡಿಗ್ರಿ ಇಳಿಯುತ್ತದೆ. ಅಗಲ ಬಾಯಿಯ, ಮುಚ್ಚಳ ಓರೆಯಾಗಿ ಕೂತ ಗೈವಾನ್ ಆರುವುದು ಪಿಂಗಾಣಿಯ ತಪ್ಪಿನಿಂದಲ್ಲ, ಆಕಾರದಿಂದ. ಎಲೆಗೆ ಇದು ಒಳ್ಳೆಯದೋ ಕೆಟ್ಟದ್ದೋ ಎಂಬುದು ಎಲೆಯನ್ನೇ ಅವಲಂಬಿಸಿದೆ. ಲಾಂಗ್‌ಜಿಂಗ್‌ನಂಥ ಹಸಿರು ಚಹಾ ಮುಚ್ಚಿದ ಗಿಂಡಿಯಲ್ಲಿ, ಅದೇ ಎಲೆಗೆ ಮತ್ತೆ ಮತ್ತೆ ನೀರು ಹಾಕುವ ಸುತ್ತುಗಳ ನಡುವೆ ಬೆಂದು, ಬೇಯಿಸಿದ ಸೊಪ್ಪಿನ ವಾಸನೆಗೆ ತಿರುಗುತ್ತದೆ. ಹುದುಗಿಸಿ ಮಾಡುವ ಕಡುಗಪ್ಪು ಚಹಾ ಶೌ ಪುಅರ್‌ಗೆ ಆ ಬಿಸಿಯೇ ಬೇಕು.

ಮಣ್ಣು ಹೀರುವುದು ಎಷ್ಟು

ಒಣ ತೂಕ 163.8 ಗ್ರಾಂ. ಎರಡು ಗಂಟೆ ಕುದಿಸಿ, ಅದೇ ನೀರಲ್ಲಿ ಆರಲು ಬಿಟ್ಟು, ಒದ್ದೆ ಬಟ್ಟೆಯಿಂದ ಒರೆಸಿ ತೂಗಿದಾಗ 168.4. ವ್ಯತ್ಯಾಸ 4.6 ಗ್ರಾಂ, ಶೇಕಡಾ 2.8. ಚಿನ್ನದಂಗಡಿಯಲ್ಲಿರುವಂಥ 0.1 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಇದಕ್ಕೆ ಸಾಕು. ಚೆನ್ನಾಗಿ ಸುಟ್ಟ ಪಿಂಗಾಣಿಯಲ್ಲಿ ಇದು ಶೇಕಡಾ 0.5ಕ್ಕಿಂತ ಕಡಿಮೆ.

ಈ 4.6 ಗ್ರಾಂ ಎಂಬುದು ಹಿಂದಿನ ಚಹಾ ಅಡಗಿ ಕೂರಬಲ್ಲ ಗರಿಷ್ಠ ಜಾಗ. ಬೆಳಗ್ಗೆ ಹೊಗೆ ವಾಸನೆಯ ಲ್ಯಾಪ್ಸಾಂಗ್, ಸಂಜೆ ಹೂವಿನ ಘಮದ ದಾನ್‌ಚೋಂಗ್ ಮಾಡಿದರೆ ಸಂಜೆಯದಕ್ಕೆ ಹೊಗೆ ಸೋಂಕುವುದು ಇಲ್ಲಿಂದಲೇ. ಒಂದು ಗಿಂಡಿಗೆ ಒಂದೇ ಬಗೆಯ ಚಹಾ ಎಂಬ ನಿಯಮಕ್ಕೆ ಬೇರೆ ಕಾರಣ ಬೇಕಿಲ್ಲ. ಎಷ್ಟು ಹೀರುತ್ತದೆ ಎಂಬುದು ಯಿಶಿಂಗ್ ಮಣ್ಣಿನ ಬಗೆಯ ಮೇಲಿದೆ. ಜೀನಿ ಕಂದುನೇರಳೆ ಮಣ್ಣು, ರಂಧ್ರ ಮಧ್ಯಮ. ದುವಾನ್ನಿ ಹಳದಿ ಛಾಯೆಯದು, ಸಾಮಾನ್ಯವಾಗಿ ಹೆಚ್ಚು ರಂಧ್ರ. ಒಗರನ್ನು ಮೆತ್ತಗೆ ಮಾಡುತ್ತದೆ, ಜೊತೆಗೆ ಪರಿಮಳವನ್ನೂ ತಗ್ಗಿಸುತ್ತದೆ. ಝುನಿ ಕಿತ್ತಳೆಗೆಂಪು, ಸುಡುವಾಗ ಬಹಳ ಕುಗ್ಗುತ್ತದೆ, ಒತ್ತಾಗಿ ಕೂಡುತ್ತದೆ. ತೆಳ್ಳಗಿನ ಝುನಿಯ ನಡತೆ ಪಿಂಗಾಣಿಗೇ ಹತ್ತಿರ. ಅದಕ್ಕೆ ದಿಢೀರ್ ಕುದಿನೀರು ಸುರಿಯಬಾರದು, ಬಿರಿಯುತ್ತದೆ. ಮೊದಲು ಬೆಚ್ಚನೆ ನೀರು, ಆಮೇಲೆ ಬಿಸಿ.

ಎದುರುಬದುರು ಪರೀಕ್ಷೆ

ಎರಡಕ್ಕೂ 20 ಮಿ.ಲೀ.ಗೆ 1 ಗ್ರಾಂ ಲೆಕ್ಕ: ಗಿಂಡಿಗೆ 6.5 ಗ್ರಾಂ, ಗೈವಾನ್‌ಗೆ 5.5. ಎಲೆ ವೂಯಿ ಬೆಟ್ಟದ ಹುರಿದ ಊಲಾಂಗ್. ನೀರು ಒಂದೇ ಕೆಟಲ್‌ನದು. ಎರಡೂ ಪಾತ್ರೆ ಕಾಯಿಸಿದ್ದು.

ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಎರಡರಲ್ಲೂ 10 ಸೆಕೆಂಡ್ ನೆನೆಸಿ ಬಗ್ಗಿಸುತ್ತಾರೆ. ಗೈವಾನ್ ಖಾಲಿಯಾಗಲು 5 ಸೆಕೆಂಡ್, ಗಿಂಡಿಗೆ 14. ಬಗ್ಗಿಸುವಾಗಲೂ ಎಲೆ ನೀರಲ್ಲೇ ಇರುತ್ತದೆ. ಹರಿವು ಒಂದೇ ಸಮ ಇದ್ದರೆ ಸರಾಸರಿ ಹೆಚ್ಚುವರಿ ಹೊತ್ತು ಬಗ್ಗಿಸುವ ಹೊತ್ತಿನ ಅರ್ಧ. ಗೈವಾನ್‌ನಲ್ಲಿ 10 ಮತ್ತು 2.5 ಸೇರಿ 12.5 ಸೆಕೆಂಡ್. ಗಿಂಡಿಯಲ್ಲಿ 10 ಮತ್ತು 7 ಸೇರಿ 17. ರಿಪೇರಿಗೆ ಮೊದಲು, 26 ಸೆಕೆಂಡ್ ಹಿಡಿಯುತ್ತಿದ್ದಾಗ, 23. ಹತ್ತಿರ ಹತ್ತಿರ ಎರಡು ಪಟ್ಟು. “ಮಣ್ಣಿನಲ್ಲಿ ಚಹಾ ಗಟ್ಟಿಯಾಗಿ, ಮೈ ತುಂಬಿಕೊಂಡು ಬರುತ್ತದೆ” ಎನ್ನುವ ಹೊಗಳಿಕೆಯ ದೊಡ್ಡ ಪಾಲು ಹುಟ್ಟುವುದು ಕಟ್ಟಿಕೊಂಡ ಮೂತಿಯಲ್ಲಿ. ಅದೇ ಗಿಂಡಿಯ ಬಗ್ಗೆ “ಕಹಿ ಬರುತ್ತದೆ” ಎನ್ನುವ ದೂರು ಹುಟ್ಟುವುದೂ ಅಲ್ಲೇ.

ಸಮ ಮಾಡಲು ಗಿಂಡಿಯಲ್ಲಿ 5.5 ಸೆಕೆಂಡಿಗೇ ಬಗ್ಗಿಸಲು ಶುರು ಮಾಡಬೇಕು. ಆಗ ಎರಡೂ 12.5. ಹೀಗೆ ಸರಿಹೊಂದಿಸಿದ ಮೇಲೆ ಉಳಿಯುವ ವ್ಯತ್ಯಾಸ ಸಣ್ಣದು: ಗಿಂಡಿಯದರಲ್ಲಿ ಒಗರಿನ ಮೊನೆ ತುಸು ಮೊಂಡು, ಗೈವಾನ್‌ನದರಲ್ಲಿ ಘಮ ತುಸು ಮುಂದೆ.

ಅದೂ ಮಣ್ಣಿನದ್ದೇ ಅಥವಾ ಶಾಖದ್ದೇ ಎಂದು ಬೇರ್ಪಡಿಸಲು ಇನ್ನೊಂದು ಪರೀಕ್ಷೆ. ಚಹಾವನ್ನು ಗೈವಾನ್‌ನಲ್ಲೇ ಮಾಡಿ, ಎಲೆಯಿಲ್ಲದ ಡಿಕಾಕ್ಷನ್ನಿನ ಅರ್ಧ ಭಾಗವನ್ನು ಖಾಲಿ ಗಿಂಡಿಗೆ, ಉಳಿದರ್ಧವನ್ನು ಪಿಂಗಾಣಿ ಜಗ್ಗಿಗೆ ಹಾಕಿ, ಎರಡು ನಿಮಿಷ ಬಿಟ್ಟು, ಬಟ್ಟಲುಗಳಿಗೆ ಸುರಿದು, ಕುಡಿಯುವಷ್ಟು ಒಂದೇ ಬಿಸಿಗೆ ಬಂದ ಮೇಲೆ ರುಚಿ ನೋಡಿ. ಮೂರು ಬಟ್ಟಲು, ಎರಡರಲ್ಲಿ ಒಂದೇ ಪಾತ್ರೆಯದು, ಒಂದರಲ್ಲಿ ಬೇರೆಯದು. ತಳಕ್ಕೆ ಗುರುತು ಹಾಕಿ ಇನ್ನೊಬ್ಬರು ಜೋಡಿಸಿಕೊಡಬೇಕು. ಬೇರೆಯದನ್ನು ಹೆಕ್ಕುವುದಷ್ಟೇ ಕೆಲಸ. ಆರು ಸಲದಲ್ಲಿ ಐದು ಸಲ ಸರಿಯಾದರೆ ಅದು ಬರೀ ಊಹೆಯಿಂದ ಬರುವ ಸಾಧ್ಯತೆ ನೂರಕ್ಕೆ ಎರಡಕ್ಕಿಂತ ಕಡಿಮೆ. ಮೂರು ನಾಲ್ಕು ಸರಿಯಾದರೆ ಬೀಗಬೇಡಿ, ಇನ್ನಷ್ಟು ಸಲ ನೋಡಿ.

ನೀರನ್ನು ಮರೆತು ಮಣ್ಣಿನ ಬಗ್ಗೆ ವಾದ ಮಾಡುವುದೂ ವ್ಯರ್ಥ. ಚಹಾದ ಮೇಲೆ ಎಣ್ಣೆಯಂತೆ ತೇಲುವ ಕಂದು ಪೊರೆ ಗಡಸು ನೀರಿನ ಸುಣ್ಣ ಮತ್ತು ಎಲೆಯ ಒಗರು ಸೇರಿ ಆದದ್ದು. ಆ ನೀರಲ್ಲಿ ಎಂಥ ಗಿಂಡಿಯೂ ಸೋಲುತ್ತದೆ. ಟಿಡಿಎಸ್, ಅಂದರೆ ನೀರಲ್ಲಿ ಕರಗಿದ ಲವಣಗಳ ಅಳತೆ, 50ರಿಂದ 150ರ ನಡುವೆ ಬರುವಂತೆ ಆರ್‌ಒ ನೀರಿಗೆ ನಲ್ಲಿ ನೀರು ಬೆರೆಸಿಕೊಳ್ಳಿ.

ಗೈವಾನ್‌ನ ಸಣ್ಣಪುಟ್ಟ ರಿಪೇರಿ

ಅಂಚು ಚೂರು ಹಾರಿದ್ದರೆ 400, ಆಮೇಲೆ 1000 ಗ್ರಿಟ್‌ನ ಉಪ್ಪುಕಾಗದದಿಂದ (ವಾಟರ್ ಪೇಪರ್) ಒದ್ದೆಯಾಗಿಯೇ ಉಜ್ಜಿ, ತುಟಿಗೆ ಚುಚ್ಚದಂತೆ ಮಾಡಿದರೆ ಸಾಕು. ಬಟ್ಟಲಲ್ಲಿ ಕೂದಲೆಳೆ ಬಿರುಕು ಬಿದ್ದಿದ್ದರೆ ಕುದಿನೀರಿಗೆ ಬೇಡ. ಯಾವ ಸುತ್ತಿನಲ್ಲಿ ಕೈಯಲ್ಲೇ ಎರಡಾಗುತ್ತದೋ ಹೇಳಲಾಗದು. ಮನೆಯಲ್ಲಿ ಬಳಸುವ ಹೆಚ್ಚಿನ ಎಪಾಕ್ಸಿ ಅಂಟು ಕುದಿನೀರಿನ ಬಿಸಿಗೆ ಮೆತ್ತಗಾಗುತ್ತದೆ. ಚನ್ನಪಟ್ಟಣದ ಬೊಂಬೆಗೆ ಹಾಕುವ ಅರಗೂ ಅಷ್ಟೆ, ಲೇತಿನ ಬಿಸಿಗೇ ಕರಗಿ ಮರಕ್ಕೆ ಹತ್ತುವ ವಸ್ತು ಅದು. ಬಿಸಿಗೆ ನಿಲ್ಲುವುದು ಜಪಾನ್, ಚೀನಾದವರ ಮರದ ಹಾಲಿನ ಅರಗು, ಉರುಶಿ. ಅದು ಒಣಗಲು ಬೇಕಾದದ್ದು ಬಿಸಿಲಲ್ಲ, ತೇವ; ಕೆಲಸ ವಾರಗಟ್ಟಲೆ, ಹಸಿಯಾಗಿದ್ದಾಗ ಮೈಗೆ ತಾಗಿದರೆ ತುರಿಕೆ. ಒಡೆದ ಮುಚ್ಚಳವನ್ನು ವಜ್ರದ ಮೊನೆಯಿಂದ ಕೊರೆದು ಲೋಹದ ಕೊಂಡಿ ಹಾಕಿ ಹೊಲಿಯುವವರು ಚೀನಾದಲ್ಲಿ ಇಂದಿಗೂ ಇದ್ದಾರೆ. ವಜ್ರದ ಕೊರೆ ಇಲ್ಲದೆ ಪಿಂಗಾಣಿ ಕೆಲಸ ಒಪ್ಪಿಕೊಳ್ಳಬೇಡ ಎಂಬ ಅಲ್ಲಿನ ಗಾದೆ ಹುಟ್ಟಿದ್ದು ಈ ಕಸುಬಿನಿಂದ.

ಗೈವಾನ್ ಬೆರಳು ಸುಡುತ್ತದೆ ಎನ್ನುವವರು ಅಂಚು ಹೊರಕ್ಕೆ ಬಾಗುವ ಜಾಗಕ್ಕಿಂತ ಮೇಲೆ ನೀರು ತುಂಬಿರುತ್ತಾರೆ. ಬಾಗಿನ ಕೆಳಗೇ ನಿಲ್ಲಿಸಿ.

ಪಳಗಿಸುವುದು, ಕಾಯುವುದು

ಹೊಸ ಮಡಕೆ, ಕಬ್ಬಿಣದ ಹೆಂಚು ಪಳಗಿಸುವ ನಮಗೆ ಈ ಭಾಗ ಹೇಳಿಕೊಡಬೇಕಿಲ್ಲ. ತೋಫು, ಕಬ್ಬಿನ ತುಂಡು ಹಾಕಿ ಕುದಿಸುವ ಚೀನೀ ವಿಧಾನವೊಂದಿದೆ. ತೊಳೆದು ಅರಿಶಿನದ ಪರೀಕ್ಷೆ ದಾಟಿದ ಗಿಂಡಿಗೆ ಅದರ ಅಗತ್ಯವಿಲ್ಲ. ಮುಂದೆ ಯಾವ ಚಹಾಕ್ಕೆ ಬಳಸುತ್ತೀರೋ ಅದನ್ನೇ ನಾಲ್ಕೈದು ಸಲ ಮಾಡಿ ಚೆಲ್ಲಿದರೆ ಮಣ್ಣಿನ ಹಸಿ ವಾಸನೆ ಹೋಗುತ್ತದೆ.

ದಿನವೂ ಎಲೆ ತೆಗೆದು, ಕುದಿನೀರಲ್ಲಿ ಎರಡು ಸಲ ಜಾಲಿಸಿ, ಮುಚ್ಚಳ ಬೇರೆ ಇಟ್ಟು, ಬಾಯಿ ಮೇಲಾಗಿ ಒಣಗಿಸಿ. ಬೋರಲು ಹಾಕಿದರೆ ಒಳಗಿನ ತೇವ ಅಲ್ಲೇ ಉಳಿಯುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಒಂದು ದಿನದ ಗಾಳಿ ಸಾಲದು. ಒಲೆಯ ಪಕ್ಕದ ಬೆಚ್ಚನೆ ಜಾಗದಲ್ಲಿಡಿ, ಬಟ್ಟೆಯ ಚೀಲ, ಪೆಟ್ಟಿಗೆ, ಗಾಜಿನ ಬೀರು ಇವು ಯಾವುದೂ ಬೇಡ. ವಾರಕ್ಕಿಂತ ಹೆಚ್ಚು ಬಳಸದೆ ಬಿಟ್ಟಿದ್ದರೆ ಮೊದಲ ಕುದಿನೀರು ಚೆಲ್ಲಿದ ಕೂಡಲೇ ಮೂಗಿಗೆ ಹಿಡಿಯಿರಿ. ಮುಗ್ಗಲು ಮತ್ತೆ ಶುರುವಾಗಿದ್ದರೆ 20 ನಿಮಿಷದ ಒಂದು ಕುದಿತದಲ್ಲೇ ಹೋಗುತ್ತದೆ. ತಿಂಗಳು ಬಿಟ್ಟು ನೋಡಿದರೆ ಪರ್‌ಕಾರ್ಬೊನೇಟ್ ಡಬ್ಬಿ ಮತ್ತೆ ತೆರೆಯಬೇಕು.